ಉಪ್ಪುನೀರಿನಲ್ಲಿ ಕೋಶಪೊರೆಯ ಕೆಲಸ ನೋಡುವ ಬಗೆ

ಜೀವಕೋಶದ ಪೊರೆಯ ದಪ್ಪ ಹೆಚ್ಚುಕಮ್ಮಿ 7–8 ನ್ಯಾನೊಮೀಟರ್. ಶಾಲೆಯ ಸೂಕ್ಷ್ಮದರ್ಶಕ ಎಷ್ಟೇ ಒಳ್ಳೆಯದಿರಲಿ, 200 ನ್ಯಾನೊಮೀಟರಿಗಿಂತ ಚಿಕ್ಕದನ್ನು ಬಿಡಿಸಿ ತೋರಿಸಲಾರದು. ಹಾಗಾಗಿ ಈರುಳ್ಳಿ ಸಿಪ್ಪೆಯಲ್ಲಿ ಕಾಣುವ ಗೆರೆಗಳಿಗೆ ‘ಪೊರೆ’ ಎಂದು ಬಾಣ ಎಳೆದರೆ ತಪ್ಪು. ಅದು ಸೆಲ್ಯುಲೋಸಿನ ಕೋಶಭಿತ್ತಿ. ಪೊರೆ ಅದರ ಒಳಮೈಗೆ ಒತ್ತಿಕೊಂಡಿರುತ್ತದೆ. ಭಿತ್ತಿಯಿಂದ ಅದನ್ನು ಬಿಡಿಸಿದಾಗಲೇ ಎಲ್ಲಿದೆ ಎಂದು ತಿಳಿಯುವುದು. ಬಿಡಿಸಲು ಉಪ್ಪುನೀರು ಸಾಕು.

ಇದಕ್ಕೆ ರೋಯೋ ಎಲೆಯಷ್ಟು ಒಳ್ಳೆಯದು ಬೇರೆ ಇಲ್ಲ. ಮಲೆನಾಡಿನ ಮನೆಯಂಗಳದಲ್ಲಿ ಅಂದಕ್ಕೆಂದು ಬೆಳೆಸುವ ಗಿಡ. ಎಲೆಯ ಮೇಲ್ಭಾಗ ಹಸಿರು, ಅಡಿಭಾಗ ನೇರಳೆ. ಆ ನೇರಳೆ ಬಣ್ಣ ಇರುವುದು ಕೋಶದ ರಸದಾನಿಯಲ್ಲಿ, ಅಂದರೆ ಕೋಶದೊಳಗೆ ರಸ ತುಂಬಿಕೊಂಡಿರುವ ಚೀಲದಲ್ಲಿ. ಗಿಡ ಸಿಗದಿದ್ದರೆ ಕೆಂಪು ಈರುಳ್ಳಿಯ ರಸಭರಿತ ಪದರದ ಹೊರಮೈಯ ಬಣ್ಣದ ಸಿಪ್ಪೆ ಆದೀತು.

ಉಪ್ಪುನೀರು 5% ಇರಲಿ: 5 ಗ್ರಾಂ ಉಪ್ಪನ್ನು ಕರಗಿಸಿ, ಒಟ್ಟು 100 ಮಿಲಿಲೀಟರ್ ಆಗುವಷ್ಟು ನೀರು ಸೇರಿಸಿ. ಆಗುಂಬೆ, ತೀರ್ಥಹಳ್ಳಿ ಕಡೆ ಎಡವಟ್ಟಾಗುವುದು ಇಲ್ಲೇ. ಮಳೆಗಾಲದ ಉಪ್ಪು ನೀರೊಡೆದಿರುತ್ತದೆ. ತೂಗಿದ 5 ಗ್ರಾಂನಲ್ಲಿ ನೀರೂ ಸೇರಿರುತ್ತದೆ. ಬಾಣಲೆಯಲ್ಲಿ ಹುರಿದು, ಆರಿಸಿ, ಕೂಡಲೇ ತೂಗಿ. ಹರಳುಪ್ಪು ಬಿಸಿಗೆ ಚಟಪಟ ಸಿಡಿಯುತ್ತದೆ, ಮುಚ್ಚಳ ಹಾಕಿ. ನೀರು ಬಾವಿಯದಾದರೂ ನಡೆಯುತ್ತದೆ.

ಎಲೆಯನ್ನು ಅಡಿಭಾಗ ಮೇಲೆ ಬರುವಂತೆ ಹಿಡಿದು ಓರೆಯಾಗಿ ಹರಿದರೆ ಅಂಚಿನಲ್ಲಿ ಪಾರದರ್ಶಕ ನೇರಳೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಅರ್ಧ ಸೆಂಟಿಮೀಟರ್ ತುಂಡು ಸಾಕು. ಸಿಪ್ಪೆಗೆ ಹಸಿರು ಅಂಟಿಕೊಂಡಿದ್ದರೆ ದಪ್ಪ ಬಂದಿದೆ ಎಂದರ್ಥ, ಬಿಡಿ. ತಡಮಾಡದೆ ಸ್ಲೈಡಿನ ಮೇಲಿನ ನೀರಹನಿಗೆ ಹಾಕಿ. ಒಣಗಿದ ಕೋಶ ಸತ್ತ ಕೋಶ. ಕವರ್‌ಸ್ಲಿಪ್ಪನ್ನು ಒಂದು ಅಂಚಿನಿಂದ ಓರೆಯಾಗಿ ಇಳಿಸಿ. ದಪ್ಪ ಕಪ್ಪಂಚಿನ ದುಂಡು ಕಂಡರೆ ಅದು ಗಾಳಿಗುಳ್ಳೆ, ಕೋಶವಲ್ಲ. ಮೋಡ ಕವಿದ ದಿನ ಕನ್ನಡಿಯ ಒಳಬಾಗಿದ ಮುಖ ತಿರುಗಿಸಿಕೊಳ್ಳಿ.

ಮೊದಲು 100 ಪಟ್ಟು, ಆಮೇಲೆ 400 ಪಟ್ಟು ಹಿಗ್ಗಿಸಿ ನೋಡಿ. ನೇರಳೆ ಬಣ್ಣ ಭಿತ್ತಿಯಿಂದ ಭಿತ್ತಿಗೆ ತುಂಬಿರಬೇಕು. ಪತ್ರರಂಧ್ರದ ಕಾವಲು ಕೋಶಗಳು ಮಾತ್ರ ಹಸಿರು. ಇದರ ಚಿತ್ರ ಬರೆದಿಟ್ಟುಕೊಳ್ಳಿ. ಈಗ ಕವರ್‌ಸ್ಲಿಪ್ಪಿನ ಒಂದು ಬದಿಗೆ ಎರಡು ಹನಿ ಉಪ್ಪುನೀರು ಬಿಟ್ಟು, ಎದುರು ಬದಿಯಲ್ಲಿ ಸೋಸುಕಾಗದದ ಚೂರು ತಾಗಿಸಿ ಹಳೇ ನೀರನ್ನು ಹೀರಿಸಿ. ಕೆಲವೇ ನಿಮಿಷದಲ್ಲಿ ಬಣ್ಣ ಮೂಲೆಗಳನ್ನು ಬಿಟ್ಟು ಒಳಸರಿಯುತ್ತದೆ, ಕ್ರಮೇಣ ನಡುವೆ ಗಾಢ ನೇರಳೆ ಉಂಡೆಯಾಗಿ ನಿಲ್ಲುತ್ತದೆ. ಭಿತ್ತಿ ಇದ್ದಲ್ಲೇ ಇರುತ್ತದೆ. ಇದೇ ಪ್ಲಾಸ್ಮೊಲಿಸಿಸ್. ಪೊರೆಯ ಎರಡು ಪದರ ಕೊಬ್ಬಿನ ಅಣುಗಳ ನಡುವೆ ನೀರು ಅಷ್ಟಿಷ್ಟು, ಅಕ್ವಾಪೋರಿನ್ ಎಂಬ ಪ್ರೋಟೀನು ಕಾಲುವೆಗಳಲ್ಲಿ ಸಲೀಸಾಗಿ ದಾಟುತ್ತದೆ. ಉಪ್ಪಿನ ಅಯಾನುಗಳಿಗೆ ಆ ದಾರಿಯಿಲ್ಲ. ಹೊರಗೆ ಉಪ್ಪು ಹೆಚ್ಚಿದಾಗ ನೀರು ಅತ್ತ ಹೋಗುತ್ತದೆ. ಭಿತ್ತಿಗೂ ಉಂಡೆಗೂ ನಡುವಿನ ಜಾಗ ಖಾಲಿಯಲ್ಲ, ಅಲ್ಲಿರುವುದು ಉಪ್ಪುನೀರು. ಬಣ್ಣದ ಅಂಚು ಸರಿಯಾಗಿ ಹೇಳುವುದಾದರೆ ರಸದಾನಿಯ ಪೊರೆ. ಕೋಶಪೊರೆ ಅದರಾಚೆ, ತೆಳು ಕೋಶದ್ರವ್ಯದ ಹೊರಗಿದೆ.

ಬಹಳ ಕಡೆ ಪ್ರಯೋಗ ಇಲ್ಲಿಗೇ ಮುಗಿಯುತ್ತದೆ. ಮುಗಿಸಬಾರದು. ಅದೇ ಸೋಸುಕಾಗದದಿಂದ ಶುದ್ಧ ನೀರು ಎಳೆಸಿ. ಬಣ್ಣ ಮತ್ತೆ ಭಿತ್ತಿಯವರೆಗೆ ಹಿಗ್ಗಿದರೆ ಪೊರೆ ಜೀವಂತ. ಈ 5% ಉಪ್ಪುನೀರಿನಲ್ಲಿ ಬಹಳ ಹೊತ್ತು ಬಿಟ್ಟರೆ ಹಿಗ್ಗದು, ಐದರಿಂದ ಹತ್ತು ನಿಮಿಷಕ್ಕೆ ಮೀರಿಸಬೇಡಿ. ಜೊತೆಗೆ ಇನ್ನೊಂದು ಎಲೆತುಂಡನ್ನು ಕೆಲವು ನಿಮಿಷ ಕುದಿಸಿ, ಅದರ ಸಿಪ್ಪೆಗೂ ಉಪ್ಪುನೀರು ಹಾಕಿ. ಕುದಿನೀರಿಗೇ ಬಣ್ಣ ಬಿಟ್ಟಿರುತ್ತದೆ, ಸಿಪ್ಪೆಯಲ್ಲಿ ಯಾವ ಉಂಡೆಯೂ ಕಟ್ಟದು. ಪೊರೆ ಹಾಳಾದ ಕೋಶಕ್ಕೆ ನೀರು, ಉಪ್ಪು ಎಂಬ ಭೇದವಿಲ್ಲ.

ಅಪ್ಪೆಮಿಡಿ ಉಪ್ಪಿನಲ್ಲಿ ಮುರುಟುವುದರ ಹಿಂದೆಯೂ ಇದೇ ಇದೆ: ಮೊದಲು ನೀರು ಹೊರಬರುತ್ತದೆ, ಕೋಶಗಳು ಸತ್ತ ಮೇಲೆ ಉಪ್ಪು ಒಳಗಿಳಿಯುತ್ತದೆ.

ಸಮಯವಿದ್ದರೆ 0.5, 0.75, 1, 1.5, 2% ದ್ರಾವಣ ಮಾಡಿ, ಒಂದೊಂದಕ್ಕೂ ಹೊಸ ಸಿಪ್ಪೆ ಹಾಕಿ ಹದಿನೈದು ನಿಮಿಷ ಬಿಡಿ. ಒಂದೇ ಭಾಗದ ಐವತ್ತು ಕೋಶ ಎಣಿಸಿ. ಅರ್ಧದಷ್ಟು ಕೋಶಗಳಲ್ಲಿ ಬಣ್ಣ ಮೂಲೆ ಬಿಡಲು ತೊಡಗಿದ ದ್ರಾವಣವೇ ಕೋಶರಸಕ್ಕೆ ಹೆಚ್ಚುಕಮ್ಮಿ ಸರಿಸಮ. ಮಳೆಯಲ್ಲಿ ನೆನೆದ ಗಿಡದ ಎಲೆಗೂ ಏಪ್ರಿಲ್ ಬಿಸಿಲಿನ ಎಲೆಗೂ ಹೋಲಿಸಿ ನೋಡಬಹುದು.

ಕೊನೆಗೆ ಮಸೂರ ಮತ್ತು ವೇದಿಕೆಗೆ ತಾಗಿದ ಉಪ್ಪುನೀರನ್ನು ಒದ್ದೆ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ ಒರೆಸಿ. ಬಿಟ್ಟರೆ ಲೋಹಕ್ಕೆ ತುಕ್ಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬಿಯಲ್ಲಿಡಿ, ಇಲ್ಲವಾದರೆ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ.