ಡೊಮೇನ್ ನವೀಕರಣದ ನೋಟಿಸ್ ಬಂದರೆ ಮೊದಲು ರಿಜಿಸ್ಟ್ರಾರ್ ಯಾರೆಂದು ನೋಡಿ

ಹೋಂಸ್ಟೇ, ಕಾಫಿಪುಡಿ, ಜೇನಿಗೆ ವೆಬ್‌ಸೈಟ್ ಮಾಡಿಕೊಂಡವರ ಗಮನಕ್ಕೆ: "ಡೊಮೇನ್ ಅವಧಿ ಮುಗಿಯುತ್ತಿದೆ, ಇಂದೇ ಹಣ ಕಟ್ಟಿ" ಎಂಬ ಮೇಲ್ ಬಂದರೆ ಅದರ ಲಿಂಕ್ ಒತ್ತಬೇಡಿ. ಡಾಟ್ ಕಾಮ್ ಆದರೆ ಜಗತ್ತಿನ ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್‌ನ ಲುಕಪ್ ಪುಟದಲ್ಲಿ, ಡಾಟ್ ಇನ್ ಆದರೆ ಅದನ್ನು ನೋಡಿಕೊಳ್ಳುವ ಭಾರತದ ಸಂಸ್ಥೆ ನಿಕ್ಸಿಯ ಹೂಈಸ್ (ಡೊಮೇನ್ ವಿವರ ತೋರಿಸುವ) ಪುಟದಲ್ಲಿ ನಿಮ್ಮ ಡೊಮೇನ್ ಹಾಕಿ ನೋಡಿ. ರಿಜಿಸ್ಟ್ರಾರ್ (ನಿಮ್ಮ ಡೊಮೇನ್ ನೋಂದಾಯಿಸಿಕೊಟ್ಟ ಕಂಪನಿ) ಹೆಸರು, ಅವಧಿ ಮುಗಿಯುವ ದಿನ ಎರಡೂ ಪುಕ್ಕಟೆ ಸಿಗುತ್ತವೆ. ನವೀಕರಿಸಲು ಆಗುವುದು ಆ ರಿಜಿಸ್ಟ್ರಾರ್‌ಗೆ ಅಥವಾ ಅವರ ಪರವಾಗಿ ಮಾರುವ ರೀಸೆಲರ್‌ಗೆ ಮಾತ್ರ. ಉಳಿದವರು ಮಾರುವುದು ಡೊಮೇನನ್ನು ತಮ್ಮ ಕಡೆಗೆ ಎಳೆದುಕೊಳ್ಳುವ ಟ್ರಾನ್ಸ್‌ಫರ್, ಇಲ್ಲವೇ "ಸರ್ಚ್ ಎಂಜಿನ್ ನೋಂದಣಿ" ಎಂಬ ಕೆಲಸಕ್ಕೆ ಬಾರದ ಸೇವೆ. ಮೇಲ್‌ನ ಕೊನೆಯಲ್ಲಿ ಸಣ್ಣಕ್ಷರದಲ್ಲಿ "ಇದು ಬಿಲ್ ಅಲ್ಲ" ಎಂದೂ ಬರೆದಿರುತ್ತಾರೆ, ಓದುವವರು ಯಾರು! ಟ್ರಾನ್ಸ್‌ಫರ್ ಲಾಕ್ ಹಾಕಿಡಿ, ಡೊಮೇನ್ ಬೇರೆಡೆಗೆ ಸಾಗಿಸಲು ಬೇಕಾಗುವ ಗುಪ್ತ ಆಥ್ ಕೋಡ್ ಯಾರಿಗೂ ಕೊಡಬೇಡಿ. ನಿಮ್ಮ ರಿಜಿಸ್ಟ್ರಾರ್ ಹೆಸರಿನಲ್ಲೇ ನಕಲಿ ಮೇಲ್ ಬಂದರೆ ಈ ಉಪಾಯ ಸಾಲದು. ರಿಜಿಸ್ಟ್ರಾರ್ ಸೈಟಿನ ವಿಳಾಸವನ್ನು ನೀವೇ ಟೈಪ್ ಮಾಡಿ ಖಾತೆಗೆ ಲಾಗಿನ್ ಆಗಿ ನೋಡಿ. ಸೈಟ್ ಮಾಡಿಕೊಟ್ಟ ಹುಡುಗನ ಖಾತೆಯಲ್ಲೇ ಡೊಮೇನ್ ಇದ್ದರೆ ರಿಜಿಸ್ಟ್ರಾರ್ ಹೆಸರು ನಿಮಗೆ ಗುರುತೇ ಸಿಗಲಿಕ್ಕಿಲ್ಲ, ಅವನನ್ನೇ ಕೇಳಿ. ಅವಧಿ ಮಳೆಗಾಲದಲ್ಲಿ ಮುಗಿಯುವುದಾದರೆ ಮೇನಲ್ಲೇ ಕಟ್ಟಿಬಿಡಿ, ಉಳಿದ ದಿನಗಳು ನಷ್ಟವಾಗುವುದಿಲ್ಲ; ಜುಲೈನಲ್ಲಿ ನಮ್ಮ ಕಡೆ ಕರೆಂಟು, ನೆಟ್‌ವರ್ಕು ಎರಡನ್ನೂ ನಂಬುವಂತಿಲ್ಲ.