ಥಾಯ್ಲೆಂಡಿಗೆ ಸ್ವಯಂಸೇವೆಗೆ ಹೊರಡುವ ಮುನ್ನ

ಮಂಗಳೂರು, ಉಡುಪಿ ಕಡೆಯಿಂದ ಹೊರಡುವವರು ಹೆಚ್ಚಾಗಿ ಎಡವುವುದು ವೀಸಾದಲ್ಲಿ. ಪ್ರವಾಸಿಯಾಗಿ ಹೋಗಿ ಶಾಲೆಯಲ್ಲಿ ಪಾಠ ಮಾಡಿದರೆ, ಸಂಬಳ ಇಲ್ಲದಿದ್ದರೂ ಅಲ್ಲಿನ ಕಾನೂನು ಅದನ್ನು ಕೆಲಸವೆಂದೇ ಎಣಿಸಬಹುದು. ಕರೆಸುವ ಸಂಸ್ಥೆಯಿಂದ ಆಹ್ವಾನಪತ್ರ, ನೋಂದಣಿ ದಾಖಲೆ ತರಿಸಿಕೊಂಡು ಸ್ವಯಂಸೇವಕರಿಗೆ ಸಲ್ಲುವ ನಾನ್-ಇಮಿಗ್ರಂಟ್ ‘ಒ’ (O) ವೀಸಾಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ. ವರ್ಕ್ ಪರ್ಮಿಟ್ ಯಾರು ಮಾಡಿಸುತ್ತಾರೆಂದು ಬರಹದಲ್ಲೇ ಕೇಳಿ. ಉತ್ತರ ಹಾರಿಸಿದರೆ ಆ ಸಂಸ್ಥೆ ಬೇಡ. ಅನಾಥಾಲಯದಲ್ಲಿ ಎರಡು ವಾರದ ಸೇವೆಯೂ ಬೇಡ: ಮಕ್ಕಳು ಹಚ್ಚಿಕೊಳ್ಳುವಷ್ಟರಲ್ಲಿ ನೀವು ಹೊರಟಿರುತ್ತೀರಿ.

ಡಿಜಿಟಲ್ ಅರೈವಲ್ ಕಾರ್ಡ್, ಅಂದರೆ ದೇಶದೊಳಗೆ ಬರುವವರು ಆನ್‌ಲೈನಿನಲ್ಲಿ ತುಂಬುವ ವಿವರಪತ್ರ, 2025ರ ಮೇ 1ರಿಂದ ಕಡ್ಡಾಯ. ತಲುಪುವ ಮುಂಚಿನ 3 ದಿನಗಳೊಳಗೆ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಚಪ್ಪಲಿ ಹೊರಗೆ ಬಿಡುವುದು ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಆದರೆ ಪ್ರೀತಿಯಿಂದಲೂ ಮಕ್ಕಳ ತಲೆ ಸವರಬೇಡಿ. ಕೂತಾಗ ಪಾದ ಬುದ್ಧನ ಮೂರ್ತಿಯತ್ತ ಚಾಚಬೇಡಿ. ಹೆಂಗಸರು ಭಿಕ್ಷುಗಳನ್ನು ಮುಟ್ಟುವಂತಿಲ್ಲ. ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ರಾಷ್ಟ್ರಗೀತೆ ಕೇಳಿದರೆ ನಿಂತಲ್ಲೇ ನಿಲ್ಲಿ. ರಾಜಮನೆತನದ ಬಗ್ಗೆ ತಮಾಷೆ, ವಾಟ್ಸಾಪಿನಲ್ಲೂ ಬೇಡ: ದಂಡಸಂಹಿತೆಯ 112ನೇ ಕಲಮಿನಡಿ 3ರಿಂದ 15 ವರ್ಷ ಜೈಲು.

ಊಟದಲ್ಲಿ ಸಸ್ಯಾಹಾರಿಗಳಿಗೆ ಫಜೀತಿ ತರುವುದು ‘ನಾಮ್ ಪ್ಲಾ’, ಅಂದರೆ ಮೀನಿನ ಸಾಸ್. ಬರೀ ತರಕಾರಿ ಪಲ್ಯಕ್ಕೂ ಅದನ್ನೇ ಸುರಿಯುತ್ತಾರೆ. ‘ಜೇ’ ಎಂದು ಕೇಳಿ. ಅದರಲ್ಲಿ ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಮಠದ ಊಟ ಉಂಡವರಿಗೆ ಹೊಸತೇನಲ್ಲ. ಹಳದಿ ಹಿನ್ನೆಲೆಯ ಕೆಂಪಕ್ಷರದ ಬಾವುಟ ಕಂಡ ಅಂಗಡಿಯಲ್ಲಿ ಅದು ಸಿಗುತ್ತದೆ.