ಮುಸುರೆ ತೊಟ್ಟಿಯ ಮುಂದೆ ನಿಂತ ಮೇಲೆ

ರೆಸ್ಟೋರೆಂಟ್ ಶುರು ಮಾಡಿದಾಗ ನನ್ನ ಗಮನವೆಲ್ಲ ಅಡುಗೆಯವರ ಮೇಲೆಯೇ ಇತ್ತು. ಒಳ್ಳೆ ಕೈರುಚಿ ಇರುವ ಇಬ್ಬರು ಸಿಕ್ಕರೆ ಸಾಕು ಅಂದುಕೊಂಡಿದ್ದೆ. ಪಾತ್ರೆ ತೊಳೆಯೋಕೆ ಯಾರಾದರೂ ಸಿಗುತ್ತಾರೆ ಬಿಡು ಅಂತ ಅದನ್ನು ಕೊನೆಗೆ ಇಟ್ಟಿದ್ದೆ.

ಒಂದು ಭಾನುವಾರ ರಾತ್ರಿ ಪಾತ್ರೆ ತೊಳೆಯುವ ಹುಡುಗ ಬರಲಿಲ್ಲ. ಫೋನ್ ಸ್ವಿಚ್ ಆಫ್. 8 ಗಂಟೆಗೆ ಎಲ್ಲ ಟೇಬಲ್‌ಗಳೂ ಭರ್ತಿ. ಒಲೆ ಉರಿಯುತ್ತಿದೆ, ಅಡುಗೆ ತಯಾರಿದೆ, ಬಡಿಸೋಕೆ ತಟ್ಟೆ ಇಲ್ಲ. ತೊಟ್ಟಿಯಲ್ಲಿ ಮುಸುರೆ ಗುಡ್ಡೆ ಬಿದ್ದಿದೆ. ಸಪ್ಲೈಯರ್ ಒಬ್ಬರು ನೀರು ತೊಟ್ಟಿಕ್ಕುವ ತಟ್ಟೆ ಹಿಡಿದು, "ಇದರಲ್ಲೇ ಕೊಟ್ಟುಬಿಡ್ಲಾ ಸಾರ್?" ಅಂತ ಕೇಳಿದರು. ಗಲ್ಲಾ ಬಿಟ್ಟು, ತೋಳು ಮಡಚಿ ತೊಟ್ಟಿಯ ಮುಂದೆ ನಿಂತೆ. ಮುಗಿದಾಗ ಮಧ್ಯರಾತ್ರಿ ದಾಟಿತ್ತು.

ಆ ಜಾಗದಿಂದ ಇಡೀ ಹೋಟೆಲ್ ಕಾಣುತ್ತದೆ. ಯಾವ ಪದಾರ್ಥ ಅರ್ಧಕ್ಕರ್ಧ ವಾಪಸ್ ಬರುತ್ತಿದೆ, ಯಾವುದರ ತಟ್ಟೆ ನೆಕ್ಕಿದ ಹಾಗೆ ಬರುತ್ತಿದೆ, ಎಲ್ಲ ಅಲ್ಲಿ ಗೊತ್ತಾಗುತ್ತದೆ. ಗಲ್ಲಾದಲ್ಲಿ ಕೂತಿದ್ದಾಗ ನನಗೆ ಅದು ಒಂದು ದಿನವೂ ಕಂಡಿರಲಿಲ್ಲ.

ಮೂರನೇ ದಿನ ಹುಡುಗ ಬಂದ. ಬೈಯೋಣ ಅಂತಲೇ ಕಾದಿದ್ದೆ. ಆದರೆ ಅವನು ಹೇಳಿದ್ದು ಕೇಳಿ ಮಾತು ಬರಲಿಲ್ಲ. ಹನ್ನೊಂದು ದಿನದಿಂದ ಅವನಿಗೆ ಒಂದು ರಜೆಯೂ ಸಿಕ್ಕಿರಲಿಲ್ಲ. ಮಾರನೇ ದಿನದ ಪಾಳಿಯನ್ನು ನಾನು ಹಿಂದಿನ ರಾತ್ರಿ ಬರೆದು ಅಂಟಿಸುತ್ತಿದ್ದೆ. ಮನೆಯಲ್ಲಿ ಏನಾದರೂ ಕೆಲಸ ಇದ್ದರೆ ಅವರು ಮೊದಲೇ ಹೇಗೆ ಹೊಂದಿಸಿಕೊಳ್ಳಬೇಕು, ಹೇಳಿ?

ಅವತ್ತಿನಿಂದ ಪಾಳಿ ಪಟ್ಟಿ ಎರಡು ವಾರ ಮುಂಚೆಯೇ ಗೋಡೆಗೆ ಬರುತ್ತದೆ. ವಾರದ ರಜೆ ಯಾವ ಕಾರಣಕ್ಕೂ ತಪ್ಪಲ್ಲ. ಪ್ರತಿ ಕೆಲಸಕ್ಕೂ ಇಬ್ಬರನ್ನು ತಯಾರು ಮಾಡಿದೆವು, ತೊಟ್ಟಿಗೂ ಸೇರಿ. ರಶ್ ಶುರುವಾಗುವ ಮುಂಚೆ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡುತ್ತೇವೆ. ಹಸಿದವರು ಬೇರೆಯವರಿಗೆ ನಗುನಗುತ್ತಾ ಬಡಿಸಬೇಕು ಅನ್ನೋದು ತಪ್ಪು.

ದುಡ್ಡಿನ ವಿಷಯಕ್ಕೆ ಬಂದರೆ, ಸಾಮಾನಿನ ಖರ್ಚು, ಸಂಬಳ ಎರಡೂ ಸೇರಿ ವ್ಯಾಪಾರದ ಶೇ. 60ರಿಂದ 65 ದಾಟಬಾರದು ಅನ್ನೋದು ಈ ಲೈನಿನಲ್ಲಿ ಇರುವ ಒಂದು ಅಂದಾಜು. ದಾಟಿದರೆ ಬಾಡಿಗೆ, ಗ್ಯಾಸ್, ಕರೆಂಟಿಗೇ ಎಳೆದಾಡಬೇಕಾಗುತ್ತದೆ. ಮೊದಲೆಲ್ಲ ಲೆಕ್ಕ ಮೀರಿದ ತಕ್ಷಣ ಒಬ್ಬರನ್ನು ಕಡಿಮೆ ಮಾಡೋಣ ಅನ್ನಿಸುತ್ತಿತ್ತು. ಈಗ ಮೊದಲು ವಾಪಸ್ ಬಂದ ತಟ್ಟೆ ನೋಡುತ್ತೇನೆ. ಅರ್ಧ ಉಳಿದು ಬರುತ್ತಿದ್ದ ಎರಡು ಪದಾರ್ಥಗಳ ಅಳತೆ ತಗ್ಗಿಸಿದ್ದಕ್ಕೆ ಒಬ್ಬ ಗಿರಾಕಿಯೂ ಕೇಳಲಿಲ್ಲ. ಹಳಬರು ಬಿಟ್ಟುಹೋದರೆ ಆಗುವ ನಷ್ಟ ಮಾತ್ರ ಯಾವ ಪುಸ್ತಕದಲ್ಲೂ ಬರೆದಿರಲ್ಲ. ಹೊಸಬರು ತಪ್ಪು ಆರ್ಡರ್ ತರುತ್ತಾರೆ, ಕಲಿಸೋಕೆ ಹಳಬರ ಸಮಯ ಹೋಗುತ್ತದೆ, ದಿನಾ ಬರುವ ಗಿರಾಕಿಗೆ ಗುರುತಿನ ಮುಖ ಕಾಣಲ್ಲ.

ಶುಚಿತ್ವದ ಬಗ್ಗೆ ಬರೀ ಗದರಿಸಿದರೆ ಯಾರೂ ಕಲಿಯಲ್ಲ. 5ರಿಂದ 60 ಡಿಗ್ರಿ ನಡುವೆ ಆಹಾರದಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ ಅಂತ ಎಷ್ಟು ಸಲ ಹೇಳಿದರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಒಂದು ದಿನ ಆರಲು ಇಟ್ಟ ದೊಡ್ಡ ಪಾತ್ರೆಗೆ ಎರಡು ಗಂಟೆ ಬಿಟ್ಟು ಅವರ ಕೈಯಲ್ಲೇ ಥರ್ಮಾಮೀಟರ್ ಹಾಕಿಸಿದೆ. ಮೇಲೆ ಮುಟ್ಟಿದರೆ ತಣ್ಣಗಿತ್ತು. ನಡುವೆ 48 ತೋರಿಸಿತು. ಆಮೇಲೆ ಯಾರೂ ಹೇಳಿಸಿಕೊಳ್ಳಲಿಲ್ಲ, ಬಿಸಿ ಅಡುಗೆಯನ್ನು ಅಗಲ ಟ್ರೇಗಳಿಗೆ ತೆಳ್ಳಗೆ ಸುರಿದು ಆರಿಸೋದು ಅಭ್ಯಾಸವಾಯಿತು.

ಆ ಹುಡುಗ ನಮ್ಮಲ್ಲೇ ಉಳಿದ. ಮೊದಲು ತರಕಾರಿ ಹೆಚ್ಚಿದ, ಆಮೇಲೆ ಒಲೆಗೆ ಬಂದ. ಈಗ ಸಂಜೆ ಪಾಳಿಯ ಕಿಚನ್ ಅವನದೇ ಜವಾಬ್ದಾರಿ. ನಾನು ಪಟ್ಟಿ ಬರೆದು ಕೊಟ್ಟಾಗ ಅವನ ಬೆರಳು ಮೊದಲು ಕೊನೆಯ ಸಾಲಿಗೆ ಹೋಗುತ್ತದೆ, ತೊಟ್ಟಿಯ ಹತ್ತಿರ ಯಾರಿದ್ದಾರೆ ಅಂತ.